ಭರಣಿಯ ಬಿಸಿಲು, ಭರಣಿಯ ಗುಡುಗು

ಏಪ್ರಿಲ್ ತಿಂಗಳ ಕೊನೆಯ ವಾರದಲ್ಲಿ ಹಾವೇರಿ ಜಿಲ್ಲೆಯ ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರುಗಳ ಕಡೆ ಯಾವ ಊರಿನ ಕಟ್ಟೆಯ ಬಳಿ ನಿಂತರೂ ಕೇಳಿಬರುವ ಮಾತು ಒಂದೇ: ಬಿಸಿಲು ಬಲವಾಯಿತು, ಮಳೆ ಎಂದು ಬಂದೀತು? ಬೆಳಗಿನಿಂದ ನಡುಹಗಲಿನವರೆಗೆ ಉರಿಬಿಸಿಲು. ಮೂರು ಗಂಟೆಯ ಹೊತ್ತಿಗೆ ಎಲೆಯೂ ಅಲುಗದ ಸೆಕೆ. ನಾಲ್ಕಕ್ಕೆ ದಿಗಂತದಲ್ಲಿ ಹೂಕೋಸಿನ ಗಡ್ಡೆಯಂತೆ ಉಬ್ಬುವ ಬಿಳಿಯ ಮೋಡ. ಐದಕ್ಕೆ ಅದೇ ಮೋಡ ಕಪ್ಪಾಗಿ ತಲೆಯ ಮೇಲೆ ಬಂದು ಧೂಳು, ಗುಡುಗು, ಸಿಡಿಲು. ಮಳೆ ನಾಲ್ಕು ಹನಿ ಉದುರಬಹುದು, ನಾಲ್ಕು ಅಂಗುಲವೂ ಸುರಿಯಬಹುದು. ಒಂದು ಊರಿನ ಹಳ್ಳ ತುಂಬಿ ಹರಿದ ದಿನವೇ ಒಂದು ಹರದಾರಿ ಆಚೆಯ ಊರಿನಲ್ಲಿ ಧೂಳು ಸಹ ಅಡಗಿರುವುದಿಲ್ಲ. ಇದು ಪ್ರತಿ ಬೇಸಿಗೆಯಲ್ಲಿಯೂ ನಡೆಯುವ ಸಂಗತಿಯಾದುದರಿಂದ ನಮಗೆ ವಿಶೇಷವೆನಿಸುವುದಿಲ್ಲ. ಆದರೆ ಇದರ ಹಿಂದಿರುವ ಭೌತಶಾಸ್ತ್ರವನ್ನು ಬಿಡಿಸಿ ನೋಡಿದರೆ ಕಾಲೇಜಿನ ಪಠ್ಯಪುಸ್ತಕದ ಅರ್ಧ ಭಾಗವೇ ನಮ್ಮ ಹೊಲಗಳ ಮೇಲೆ ಪ್ರತಿದಿನ ಪ್ರಯೋಗಕ್ಕೆ ಬರುತ್ತಿರುವುದು ಕಂಡುಬರುತ್ತದೆ.

ಮೊದಲು ಬಿಸಿಲಿನ ಮಾತು. ಈ ನಾಲ್ಕು ತಾಲೂಕುಗಳು ಉತ್ತರ ಅಕ್ಷಾಂಶ ಹದಿನಾಲ್ಕೂವರೆಯಿಂದ ಹದಿನೈದು ಡಿಗ್ರಿಗಳ ನಡುವೆ ಇವೆ. ಉತ್ತರಾಯಣದಲ್ಲಿ ಮೇಲಕ್ಕೇರುತ್ತಿರುವ ಸೂರ್ಯನು ಏಪ್ರಿಲ್ ಕೊನೆಗೆ ಸರಿಯಾಗಿ ಈ ಅಕ್ಷಾಂಶಕ್ಕೆ ಬರುತ್ತಾನೆ. ಹಿರೇಕೆರೂರಿನಲ್ಲಿ ಏಪ್ರಿಲ್ ೨೯ರ ಸುಮಾರಿಗೆ, ಹಾನಗಲ್ಲಿನಲ್ಲಿ ಅದರ ಮರುದಿನ, ಶಿಗ್ಗಾವಿ ಸವಣೂರುಗಳಲ್ಲಿ ಮೇ ೧ರ ಸುಮಾರಿಗೆ ನಡುಹಗಲಿನ ಸೂರ್ಯನು ನೆತ್ತಿಯ ಮೇಲೆ ನಿಲ್ಲುತ್ತಾನೆ. ಆಗ ಅಂಗಳದಲ್ಲಿ ನೆಟ್ಟಗೆ ನಿಲ್ಲಿಸಿದ ಕೋಲಿಗೆ ನೆರಳೇ ಇರುವುದಿಲ್ಲ. ಗಡಿಯಾರದ ಹನ್ನೆರಡಕ್ಕೆ ಇದನ್ನು ಹುಡುಕಿದರೆ ನಿರಾಶೆಯಾದೀತು. ಭಾರತದ ಗಡಿಯಾರ ಎಂಬತ್ತೆರಡೂವರೆ ಡಿಗ್ರಿ ರೇಖಾಂಶಕ್ಕೆ ಹೊಂದಿಸಿದ್ದು. ನಮ್ಮ ಸೀಮೆ ಅದಕ್ಕೆ ಏಳು ಡಿಗ್ರಿಗಿಂತ ಹೆಚ್ಚು ಪಶ್ಚಿಮದಲ್ಲಿದೆ. ಡಿಗ್ರಿಗೆ ನಾಲ್ಕು ನಿಮಿಷದಂತೆ ಲೆಕ್ಕ ಹಾಕಿ, ಆ ದಿನಗಳಿಗೆ ಸಲ್ಲುವ ಮೂರು ನಿಮಿಷದ ಕಾಲಸಮೀಕರಣವನ್ನು ಕಳೆದರೆ, ನಿಜವಾದ ನಡುಹಗಲು ೧೨ ಗಂಟೆ ೨೬ ನಿಮಿಷಕ್ಕೆ ಬೀಳುತ್ತದೆ. ಒಂದು ಕೋಲು, ಒಂದು ತೂಗುಗುಂಡು, ಒಂದು ಗಡಿಯಾರ ಇಷ್ಟಿದ್ದರೆ ಯಾವ ಶಾಲೆಯ ಅಂಗಳದಲ್ಲಿಯಾದರೂ ಇದನ್ನು ಪರೀಕ್ಷಿಸಬಹುದು.

ಸೂರ್ಯನು ಇನ್ನೊಮ್ಮೆ, ಹಿಂದಿರುಗುವಾಗ, ಆಗಸ್ಟ್ ಎರಡನೆಯ ವಾರದಲ್ಲಿಯೂ ನಮ್ಮ ನೆತ್ತಿಗೆ ಬರುತ್ತಾನೆ. ಹಾಗಿದ್ದರೆ ಆಗಸ್ಟಿನಲ್ಲಿಯೂ ಇಷ್ಟೇ ಧಗೆ ಇರಬೇಡವೆ? ಇಲ್ಲವೆಂಬುದು ಎಲ್ಲರಿಗೂ ಗೊತ್ತು. ಆಗ ಮೋಡ ಕವಿದಿರುತ್ತದೆಂಬುದು ಅರ್ಧ ಉತ್ತರ ಮಾತ್ರ. ಉಳಿದರ್ಧ ನೆಲದಲ್ಲಿದೆ. ಒದ್ದೆಯಾದ ನೆಲಕ್ಕೆ ಬಿದ್ದ ಬಿಸಿಲಿನ ಹೆಚ್ಚಿನ ಪಾಲು ನೀರನ್ನು ಆವಿಯಾಗಿಸುವುದರಲ್ಲಿ ವೆಚ್ಚವಾಗುತ್ತದೆ. ಒಣ ನೆಲಕ್ಕೆ ಬಿದ್ದುದೆಲ್ಲ ನೆಲವನ್ನೂ ಅದರ ಮೇಲಣ ಗಾಳಿಯನ್ನೂ ಕಾಯಿಸುವುದಕ್ಕೇ ಹೋಗುತ್ತದೆ. ಒಂದು ಕಿಲೋಗ್ರಾಂ ನೀರು ಆವಿಯಾಗಬೇಕಾದರೆ ಸುಮಾರು ೨೪ ಲಕ್ಷ ಜೌಲುಗಳಷ್ಟು ಶಾಖ ಬೇಕು. ಕೆರೆ, ಗದ್ದೆ, ಹಸಿರು ಇವೆಲ್ಲ ಬಿಸಿಲಿಗೆ ತೆರಿಗೆ ಹಾಕುವ ಅಧಿಕಾರಿಗಳಿದ್ದಂತೆ. ಹಿಂದಿನ ಮುಂಗಾರು ಕೈಕೊಟ್ಟ ವರ್ಷದ ಬೇಸಿಗೆ ಹೆಚ್ಚು ಸುಡುವುದಕ್ಕೆ ಇದೊಂದು ಮುಖ್ಯ ಕಾರಣ. ೨೦೨೩ರ ಮುಂಗಾರಿನಲ್ಲಿ ಕರ್ನಾಟಕ ಸರಕಾರವು ೨೩೬ ತಾಲೂಕುಗಳ ಪೈಕಿ ೨೨೩ನ್ನು ಬರಪೀಡಿತವೆಂದು ಸಾರಿತು. ಅದರ ಬೆನ್ನಿಗೆ ಬಂದ ೨೦೨೪ರ ಏಪ್ರಿಲಿನ ಬಿಸಿಲನ್ನು ವಾಚಕರು ಮರೆತಿರಲಾರರು.

ನೆಲದ ಬಣ್ಣವೂ ಲೆಕ್ಕಕ್ಕೆ ಬರುತ್ತದೆ. ಸವಣೂರಿನ ಕಡೆಯ ಎರೆಭೂಮಿ ಕಪ್ಪು. ಹಾನಗಲ್ಲಿನ ಕಡೆ ಮಸಾರಿ ಮಣ್ಣು ಹೆಚ್ಚು. ಕಪ್ಪು ಮಣ್ಣು ಬೆಳಕನ್ನು ಹೆಚ್ಚಾಗಿ ಹೀರುತ್ತದೆ. ಬೇಸಿಗೆಯಲ್ಲಿ ಅದು ಬಿರಿದು, ಕೈ ತೂರುವಷ್ಟು ಅಗಲದ ಬಿರುಕು ಬಿಡುವುದನ್ನು ಆ ಕಡೆಯವರೆಲ್ಲ ಕಂಡಿದ್ದಾರೆ. ಆ ಬಿರುಕುಗಳ ಮೂಲಕ ಆಳದ ಒರತೆಯೂ ಆವಿಯಾಗಿ ಹೋಗುತ್ತದೆ. ರೈತರು ಬಿತ್ತನೆಗೆ ಮುಂಚೆ ಮತ್ತೆ ಮತ್ತೆ ಹರಗಿ ಮೇಲ್ಮಣ್ಣನ್ನು ಪುಡಿಮಾಡಿ ಬಿರುಕು ಮುಚ್ಚುವುದರಲ್ಲಿ ಅರ್ಥವಿದೆ. (ಸವಣೂರಿನ ದೊಡ್ಡಹುಣಸೆಮಠದ ಆವರಣದಲ್ಲಿರುವ ಭಾರಿ ಮರಗಳು ಇದೇ ಸಮಸ್ಯೆಗೆ ಬೇರೊಂದು ಪರಿಹಾರ ಕಂಡುಕೊಂಡಿವೆ. ಆಫ್ರಿಕಾ ಮೂಲದ ಈ ಬಾವೊಬಾಬ್ ವೃಕ್ಷಗಳು ಬೇಸಿಗೆಯಲ್ಲಿ ಎಲೆಯುದುರಿಸಿ, ಕಾಂಡದಲ್ಲಿ ಕೂಡಿಟ್ಟ ನೀರಿನಲ್ಲಿ ಕಾಲ ಕಳೆಯುತ್ತವೆ. ೨೦೨೩ರ ಜುಲೈ ಮಳೆಯಲ್ಲಿ ಅವುಗಳಲ್ಲೊಂದು ಬುಡಸಹಿತ ಉರುಳಿದಾಗ ಜನರು ಅದನ್ನು ಎತ್ತಿ ಮತ್ತೆ ನೆಟ್ಟರು.)

‘ನಿನ್ನೆ ನಮ್ಮೂರಿನಲ್ಲಿ ನಲವತ್ತೈದು ಡಿಗ್ರಿ ಇತ್ತು’ ಎಂದು ಯಾರಾದರೂ ಹೇಳಿದರೆ, ಉಷ್ಣಮಾಪಕವನ್ನು ಎಲ್ಲಿಟ್ಟಿದ್ದಿರಿ ಎಂದು ಕೇಳಬೇಕು. ಬಿಸಿಲಿನಲ್ಲಿಟ್ಟ ಉಷ್ಣಮಾಪಕ ಗಾಳಿಯ ಉಷ್ಣತೆಯನ್ನು ತೋರಿಸುವುದಿಲ್ಲ. ತಾನು ಎಷ್ಟು ಕಾದಿದ್ದೇನೆಂಬುದನ್ನು ಮಾತ್ರ ತೋರಿಸುತ್ತದೆ. ಆದುದರಿಂದಲೇ ಹವಾಮಾನ ಕೇಂದ್ರಗಳಲ್ಲಿ ಅದನ್ನು ಬಿಳಿಯ ಬಣ್ಣ ಬಳಿದ, ಗಾಳಿಯಾಡುವ ಪಟ್ಟಿಬಾಗಿಲುಗಳ ಮರದ ಪೆಟ್ಟಿಗೆಯೊಳಗೆ, ನೆಲದಿಂದ ಸುಮಾರು ನಾಲ್ಕು ಅಡಿ ಎತ್ತರದಲ್ಲಿಡುತ್ತಾರೆ. ಭಾರತದಲ್ಲಿ ಇಂತಹ ಉಪಕರಣಗಳೆಲ್ಲ ಒಂದೇ ಅಳತೆಯಲ್ಲಿ, ನಮ್ಮ ದೇಶದಲ್ಲಿಯೇ ತಯಾರಾಗುವಂತೆ ಮಾಡಿದವರಲ್ಲಿ ಅಣ್ಣಾ ಮಣಿಯವರು ಪ್ರಮುಖರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರಾಮನ್ ಅವರ ಬಳಿ ವಜ್ರಗಳ ವರ್ಣಪಟಲವನ್ನು ಅಭ್ಯಸಿಸಿದ ಈ ಮಹಿಳೆ ೧೯೪೮ರಲ್ಲಿ ಹವಾಮಾನ ಇಲಾಖೆಯನ್ನು ಸೇರಿ, ಸುಮಾರು ನೂರು ಉಪಕರಣಗಳ ನಕ್ಷೆಗಳನ್ನು ಏಕರೂಪಕ್ಕೆ ತಂದರು. ಉಷ್ಣದಲೆಯೆಂದು ಸಾರುವುದಕ್ಕೂ ಇಂತಹ ನೆರಳಿನ ಅಳತೆಯೇ ಆಧಾರ: ಬಯಲುಸೀಮೆಯಲ್ಲಿ ಗರಿಷ್ಠ ಉಷ್ಣತೆ ೪೦ ಡಿಗ್ರಿ ಸೆಲ್ಸಿಯಸ್‌ಗೆ ಕಡಿಮೆಯಿಲ್ಲದೆ, ವಾಡಿಕೆಗಿಂತ ನಾಲ್ಕೂವರೆ ಡಿಗ್ರಿಯಾದರೂ ಮೇಲಿರಬೇಕು.

ಸಮುದ್ರಮಟ್ಟದಿಂದ ಐನೂರೈವತ್ತು ಆರುನೂರು ಮೀಟರ್ ಎತ್ತರದಲ್ಲಿರುವ ನಮ್ಮ ಸೀಮೆ ರಾಯಚೂರು ಕಲಬುರಗಿಗಳಷ್ಟು ಕಾಯುವುದಿಲ್ಲ. ಹಾಗಿದ್ದರೂ ಇಲ್ಲಿನವರು ಮೇ ತಿಂಗಳಲ್ಲಿ ಬಸವಳಿಯುವುದೇಕೆ? ಇಲ್ಲಿ ತೇವಾಂಶದ ಪಾತ್ರ ಬರುತ್ತದೆ.

ಗಾಳಿಯಲ್ಲಿರುವ ನೀರಾವಿ ಕಣ್ಣಿಗೆ ಕಾಣುವುದಿಲ್ಲ. ಆದರೆ ಅದು ಹಿಡಿಸುವುದಕ್ಕೆ ಒಂದು ಮಿತಿಯಿದೆ. ೨೨ ಡಿಗ್ರಿಯಲ್ಲಿ ಒಂದು ಘನಮೀಟರ್ ಗಾಳಿಯಲ್ಲಿ ಹೆಚ್ಚೆಂದರೆ ಹತ್ತೊಂಬತ್ತು ಗ್ರಾಂ ಚಿಲ್ಲರೆ ಆವಿ ಇರಬಲ್ಲುದು. ೩೮ ಡಿಗ್ರಿಯಲ್ಲಿ ನಲವತ್ತಾರು ಗ್ರಾಮಿನಷ್ಟು. ಮುಂಜಾವಿನಲ್ಲಿ ಪೂರ್ತಿ ಸಂತೃಪ್ತವಾಗಿದ್ದ ಗಾಳಿಯೇ ಮಧ್ಯಾಹ್ನಕ್ಕೆ, ಒಂದು ಗ್ರಾಂ ಆವಿಯನ್ನೂ ಕಳೆದುಕೊಳ್ಳದೆ, ಶೇಕಡ ನಲವತ್ತರ ಸಾಪೇಕ್ಷ ಆರ್ದ್ರತೆಗೆ ಇಳಿದುಬಿಡುತ್ತದೆ. ಆದ್ದರಿಂದ ‘ಆರ್ದ್ರತೆ ಶೇಕಡ ಎಂಬತ್ತು’ ಎಂಬ ಸುದ್ದಿಯನ್ನು ಓದಿದಾಗ ಅದು ಬೆಳಗಿನದೋ ಮಧ್ಯಾಹ್ನದ್ದೋ ಎಂದು ನೋಡದಿದ್ದರೆ ಆ ಅಂಕೆಗೆ ಬೆಲೆಯಿಲ್ಲ.

ನಮ್ಮ ದೇಹವು ಸುಮ್ಮನೆ ಕುಳಿತಾಗಲೂ ಸುಮಾರು ನೂರು ವ್ಯಾಟುಗಳಷ್ಟು ಶಾಖವನ್ನು ಹೊರಚೆಲ್ಲಬೇಕು. ಹೊಲದಲ್ಲಿ ದುಡಿಯುವವನು ಅದರ ಮೂರು ನಾಲ್ಕು ಪಟ್ಟು. ಸುತ್ತಲಿನ ಗಾಳಿ ಚರ್ಮಕ್ಕಿಂತ ಬಿಸಿಯಾಗಿರುವಾಗ ಶಾಖ ಹೊರಹೋಗುವುದಕ್ಕೆ ಉಳಿದಿರುವ ದಾರಿ ಬೆವರೊಂದೇ. ಕುಳಿತವನಿಗೆ ಗಂಟೆಗೆ ನೂರೈವತ್ತು ಗ್ರಾಂ, ದುಡಿಯುವವನಿಗೆ ಅರ್ಧ ಲೀಟರಿಗೂ ಮಿಕ್ಕು ಬೆವರು ಆವಿಯಾಗಲೇಬೇಕು. ಆವಿಯಾಗಬೇಕೆಂಬುದನ್ನು ಗಮನಿಸಿರಿ; ತೊಟ್ಟಿಕ್ಕಿ ನೆಲಕ್ಕೆ ಬಿದ್ದ ಬೆವರಿನಿಂದ ಏನೂ ಪ್ರಯೋಜನವಿಲ್ಲ. ಆವಿಯಾಗುವ ಈ ಅವಕಾಶವನ್ನು ಅಳೆಯುವ ಸಾಧನ ಬಲು ಸರಳ. ಒಂದೇ ಬಗೆಯ ಎರಡು ಉಷ್ಣಮಾಪಕಗಳನ್ನು ತಂದು ಒಂದರ ಬುಡಕ್ಕೆ ಒದ್ದೆಯ ಮಲ್‌ಬಟ್ಟೆ ಸುತ್ತಿ ನೆರಳಿನಲ್ಲಿ ಬೀಸಣಿಗೆಯಿಂದ ಗಾಳಿ ಹಾಕಿರಿ. ಒದ್ದೆಯದು ಇಳಿದು ಒಂದೆಡೆ ನಿಲ್ಲುತ್ತದೆ. ಗಾಳಿಯು ೩೮ ಡಿಗ್ರಿಯಿದ್ದು ಆರ್ದ್ರತೆ ಶೇಕಡ ೨೫ ಇದ್ದರೆ ಅದು ೨೩ ಡಿಗ್ರಿಗೆ ಇಳಿಯುತ್ತದೆ. ಗಾಳಿಯು ೩೪ ಡಿಗ್ರಿಯೇ ಆಗಿದ್ದು ಆರ್ದ್ರತೆ ಶೇಕಡ ೬೫ ಆದಾಗಲೋ, ಅದು ಇಪ್ಪತ್ತೆಂಟೂವರೆಯಲ್ಲಿಯೇ ನಿಂತುಬಿಡುತ್ತದೆ! ಪತ್ರಿಕೆಯ ಅಂಕೆಯಲ್ಲಿ ನಾಲ್ಕು ಡಿಗ್ರಿ ತಂಪಾದ ದಿನ ದೇಹದ ಪಾಲಿಗೆ ಹೆಚ್ಚು ಕಠಿಣವಾದ ದಿನವಾಗಿದೆ. ಮಾರ್ಚಿನ ಒಣಬಿಸಿಲನ್ನು ತಡೆದುಕೊಂಡವರು ಮೇ ತಿಂಗಳ ಮೋಡದ ಸೆಕೆಗೆ ಸೋಲುವುದು ಇದರಿಂದ. ಒದ್ದೆ ಬುಡದ ಉಷ್ಣತೆ ೩೫ ಡಿಗ್ರಿಗೆ ಏರಿದರೆ ನೆರಳಿನಲ್ಲಿ ಕುಳಿತ ಆರೋಗ್ಯವಂತನೂ ಕೆಲವು ಗಂಟೆಗಳಿಗಿಂತ ಹೆಚ್ಚು ಬದುಕಲಾರನೆಂದು ೨೦೧೦ರಲ್ಲಿ ಶೆರ್‌ವುಡ್ ಮತ್ತು ಹ್ಯೂಬರ್ ಎಂಬ ವಿಜ್ಞಾನಿಗಳು ಲೆಕ್ಕ ಹಾಕಿ ತೋರಿಸಿದರು. ನಮ್ಮ ಸೀಮೆ ಆ ಮಿತಿಗೆ ದೂರದಲ್ಲಿದೆ. ಆದರೆ ದುಡಿಯುವವನಿಗೆ ಅಪಾಯ ಅದಕ್ಕಿಂತ ಬಹಳ ಮೊದಲೇ ಆರಂಭವಾಗುತ್ತದೆ.

ಈ ತೇವ ಎಲ್ಲಿಂದ ಬರುತ್ತದೆ? ಒಂದಿಷ್ಟು ಇಲ್ಲಿಯದೇ. ಬೇಸಿಗೆಯಲ್ಲಿ ಕೆರೆಯೊಂದು ದಿನಕ್ಕೆ ಏಳು ಮಿಲಿಮೀಟರ್ ಬತ್ತಿದರೆ, ಒಂದು ಹೆಕ್ಟೇರಿನಿಂದ ದಿನಕ್ಕೆ ಎಪ್ಪತ್ತು ಸಾವಿರ ಲೀಟರ್ ನೀರು ಗಾಳಿಗೆ ಸೇರುತ್ತದೆ. ಹೆಸರಿನಲ್ಲಿಯೇ ಕೆರೆಯನ್ನಿಟ್ಟುಕೊಂಡ ಹಿರೇಕೆರೂರಿನ ಸೀಮೆಯಲ್ಲಿ ಇದು ಅಲ್ಪವಲ್ಲ. ಆದರೆ ದೊಡ್ಡ ಪಾಲು ಕಡಲಿನದು. ಹಾನಗಲ್ಲಿನಿಂದ ಅರಬ್ಬಿ ಸಮುದ್ರಕ್ಕೆ ನೇರಗೆರೆಯಲ್ಲಿ ನೂರು ಕಿಲೋಮೀಟರೂ ಇಲ್ಲ. ನಡುವೆ ಪಶ್ಚಿಮಘಟ್ಟವಿದೆಯೆನ್ನಬಹುದು. ಆದರೆ ಶಿರಸಿ ಯಲ್ಲಾಪುರಗಳ ಕಡೆ ಘಟ್ಟ ಕೊಡಗಿನಲ್ಲಿರುವಂತೆ ಗೋಡೆಯಾಗಿ ನಿಂತಿಲ್ಲ. ಆರುನೂರು ಮೀಟರಿನ ಆಸುಪಾಸಿನ ಹೊಸ್ತಿಲಿನಂತಿದೆ. ಮಧ್ಯಾಹ್ನದ ಮೇಲೆ ಕಡಲಗಾಳಿ ಆ ಹೊಸ್ತಿಲು ದಾಟಿ ಒಳಬರುತ್ತದೆ. ಇತ್ತ ಪೂರ್ವದಿಂದ, ಆಗ್ನೇಯದಿಂದ ಬಂಗಾಳಕೊಲ್ಲಿಯ ತೇವದ ಗಾಳಿ ಬೀಸುತ್ತದೆ. ಏಪ್ರಿಲ್ ಮೇ ತಿಂಗಳುಗಳಲ್ಲಿ ಮಧ್ಯಭಾರತದ ಕಡೆಯಿಂದ ಕರ್ನಾಟಕದ ಒಳನಾಡಿನ ಮೂಲಕ ತಮಿಳುನಾಡು ಕೇರಳಗಳತ್ತ ಒಂದು ವಾಯುಭಾರದ ತಗ್ಗು ಆಗಾಗ ಚಾಚಿಕೊಳ್ಳುತ್ತದೆ. ಅದರ ಎರಡು ಮಗ್ಗುಲುಗಳಲ್ಲಿ ಗಾಳಿಯ ದಿಕ್ಕು ಬೇರೆ ಬೇರೆ. ಎರಡು ಗಾಳಿಗಳು ಎದುರಾದಲ್ಲಿ ಅವುಗಳಿಗೆ ಮೇಲಕ್ಕೆ ಹೋಗದೆ ಗತ್ಯಂತರವಿಲ್ಲ. ಗುಡುಗಿನ ಮೋಡಗಳು ಹೆಚ್ಚಾಗಿ ಹುಟ್ಟುವುದು ಈ ರೇಖೆಯ ಉದ್ದಕ್ಕೂ. ರೇಖೆ ಇಂದು ಇಲ್ಲಿದ್ದುದು ನಾಳೆ ಐವತ್ತು ಕಿಲೋಮೀಟರ್ ಪಕ್ಕಕ್ಕೆ ಸರಿದಿರಬಹುದು.

ಮೇಲೇರಿದ ಗಾಳಿಯ ಕಥೆ ಕುತೂಹಲಕರವಾದುದು. ಮೇಲೆ ಹೋದಂತೆ ಸುತ್ತಲಿನ ಒತ್ತಡ ತಗ್ಗಿ, ಗಾಳಿ ಹಿಗ್ಗಿ, ಹಿಗ್ಗುವ ಶ್ರಮದಲ್ಲಿ ತನ್ನ ಶಾಖವನ್ನೇ ವೆಚ್ಚ ಮಾಡಿ ಕಿಲೋಮೀಟರಿಗೆ ಸುಮಾರು ಹತ್ತು ಡಿಗ್ರಿಯಂತೆ ತಣಿಯುತ್ತದೆ. ನೆಲದ ಬಳಿ ೩೬ ಡಿಗ್ರಿಯಿದ್ದು ಇಬ್ಬನಿ ಬಿಂದು ೨೦ ಡಿಗ್ರಿಯಿದ್ದರೆ ಎರಡು ಕಿಲೋಮೀಟರ್ ಎತ್ತರದಲ್ಲಿ ಆವಿ ಹನಿಗಟ್ಟಲಾರಂಭಿಸುತ್ತದೆ. ಬೇಸಿಗೆಯ ಮೋಡಗಳ ತಳ ಇಸ್ತ್ರಿ ಹಾಕಿದಂತೆ ಮಟ್ಟಸವಾಗಿರುವುದು ಇದೇ ಕಾರಣದಿಂದ. ಅಲ್ಲಿಂದ ಮುಂದೆ ಆಟ ಬದಲಾಗುತ್ತದೆ. ಹನಿಗಟ್ಟುವಾಗ ಆವಿಯು ತಾನು ಕೆರೆಯ ಬಳಿ ಸಾಲ ಪಡೆದಿದ್ದ ಗುಪ್ತೋಷ್ಣವನ್ನು ಹಿಂದಿರುಗಿಸುವುದರಿಂದ ಏರುವ ಗಾಳಿ ನಿಧಾನವಾಗಿ ತಣಿದು, ಸುತ್ತಲಿನ ಗಾಳಿಗಿಂತ ಬೆಚ್ಚಗೂ ಹಗುರವಾಗಿಯೂ ಉಳಿದು, ಇನ್ನಷ್ಟು ವೇಗದಿಂದ ಮೇಲೇರುತ್ತದೆ. ಮೋಡದ ತಲೆ ಹನ್ನೆರಡು, ಹದಿನೈದು ಕಿಲೋಮೀಟರಿಗೂ ಮುಟ್ಟುವುದುಂಟು. ಈ ಶಾಖ ಎಷ್ಟೆಂಬುದನ್ನು ನಾವೇ ಲೆಕ್ಕ ಹಾಕೋಣ. ಒಂದು ಚದರ ಕಿಲೋಮೀಟರಿನ ಮೇಲೆ ಒಂದು ಅಂಗುಲ, ಎಂದರೆ ೨೫ ಮಿಲಿಮೀಟರ್, ಮಳೆ ಬಿದ್ದಿತೆನ್ನಿರಿ. ನೀರಿನ ತೂಕ ೨೫ ಸಾವಿರ ಟನ್ನು. ಅದು ಹನಿಗಟ್ಟುವಾಗ ಬಿಡುಗಡೆಯಾದ ಶಾಖ, ವಿದ್ಯುತ್ತಿನ ಬಿಲ್ಲಿನ ಲೆಕ್ಕದಲ್ಲಿ ಹೇಳುವುದಾದರೆ, ಒಂದು ಕೋಟಿ ಎಪ್ಪತ್ತು ಲಕ್ಷ ಯೂನಿಟ್ಟುಗಳು. ಒಂದು ಹಳ್ಳಿಯ ಮೇಲೆ ಒಂದು ಸಂಜೆ ಸುರಿದ ಮಳೆಯ ಲೆಕ್ಕ ಇದು!

ಹಾಗಿದ್ದರೆ ಪ್ರತಿ ಸಂಜೆಯೂ ಗುಡುಗು ಏಕಿಲ್ಲ? ಎರಡು ಮೂರು ಕಿಲೋಮೀಟರ್ ಎತ್ತರದಲ್ಲಿ ಅನೇಕ ದಿನ ಒಣಗಿದ ಬಿಸಿಗಾಳಿಯ ಪದರವೊಂದು ಅನ್ನದ ಪಾತ್ರೆಯ ಮುಚ್ಚಳದಂತೆ ಕುಳಿತಿರುತ್ತದೆ. ಕೆಳಗಿನ ಗಾಳಿ ಅದಕ್ಕಿಂತ ಬೆಚ್ಚಗಾಗುವವರೆಗೆ ಮೇಲೇರಲಾರದು. ಮುಚ್ಚಳ ತೆಳುವಾಗಿದ್ದರೆ ಮಧ್ಯಾಹ್ನಕ್ಕೇ ಚಿಕ್ಕ ಚಿಕ್ಕ ಮೋಡಗಳೆದ್ದು ಚದರಿಹೋಗುತ್ತವೆ. ಗಟ್ಟಿಯಾಗಿದ್ದರೆ ಇಡೀ ದಿನ ಸೆಕೆಯಷ್ಟೇ. ಗಟ್ಟಿಯಾಗಿದ್ದೂ ಸಂಜೆಗೆ ಒಂದು ಕಡೆ ಒಡೆದರೆ, ದಿನವೆಲ್ಲ ಕೂಡಿದ್ದ ಕಾವು ಆ ಒಂದು ಕಿಂಡಿಯಿಂದಲೇ ಹೊರಗೆ ನುಗ್ಗುತ್ತದೆ. ‘ಇಷ್ಟು ಕುದಿ ಇದೆ, ಇವತ್ತು ಮಳೆ ಬರದೆ ಇರದು’ ಎಂದು ಹಿರಿಯರು ಹೇಳುವುದು ಹಲವು ಸಲ ನಿಜವಾಗುವುದಕ್ಕೂ, ಹಲವು ಸಲ ಸುಳ್ಳಾಗುವುದಕ್ಕೂ ಈ ಮುಚ್ಚಳವೇ ಹೊಣೆ.

ಗುಡುಗುಮೋಡದ ಬಾಳು ಬಹಳ ಚಿಕ್ಕದು. ೧೯೪೬–೪೭ರಲ್ಲಿ ಅಮೆರಿಕದ ಫ್ಲಾರಿಡಾ, ಒಹಾಯೊ ರಾಜ್ಯಗಳಲ್ಲಿ ಬೈಯರ್ಸ್ ಮತ್ತು ಬ್ರಹಾಮ್ ಎಂಬುವರು ವಿಮಾನಗಳನ್ನು ನೇರವಾಗಿ ಇಂತಹ ಮೋಡಗಳೊಳಕ್ಕೆ ಹಾರಿಸಿ, ಅದರ ಬಾಳಿನ ಮೂರು ಅವಸ್ಥೆಗಳನ್ನು ಗುರುತಿಸಿದರು. ಬಾಲ್ಯದಲ್ಲಿ ಎಲ್ಲ ಗಾಳಿಯೂ ಮೇಲ್ಮುಖ. ಪ್ರೌಢಾವಸ್ಥೆಯಲ್ಲಿ ಏರುಗಾಳಿಯ ಪಕ್ಕದಲ್ಲಿಯೇ ಇಳಿಗಾಳಿ. ಮುಪ್ಪಿನಲ್ಲಿ ಬರಿಯ ಇಳಿಗಾಳಿ. ಒಂದು ಕೋಶಕ್ಕೆ ಅರ್ಧ ಗಂಟೆಯಿಂದ ಒಂದು ಗಂಟೆ ಆಯುಸ್ಸು, ಐದು ಹತ್ತು ಕಿಲೋಮೀಟರ್ ಅಗಲ. ಆ ಇಳಿಗಾಳಿಯೇ ಮಳೆಗೆ ಮುಂಚೆ ನಮ್ಮ ಮೇಲೆರಗುವ ಬಿರುಗಾಳಿ. ಬೀಳುವ ಹನಿಗಳ ಒಂದು ಪಾಲು ದಾರಿಯಲ್ಲೇ ಆವಿಯಾಗಿ ಗಾಳಿಯನ್ನು ತಣಿಸುತ್ತದೆ. ತಣಿದ ಗಾಳಿ ಭಾರವಾಗಿ ಧುಮುಕಿ, ನೆಲಕ್ಕೆ ಬಡಿದು, ಸುತ್ತಲೂ ಚೆಲ್ಲುತ್ತದೆ. ತಗಡಿನ ಮಾಡು ಹಾರುವುದು, ಬಾಳೆತೋಟ ಮಲಗುವುದು, ಹಾನಗಲ್ಲಿನ ತೋಪುಗಳಲ್ಲಿ ಕಟಾವಿಗೆ ಬಂದ ಆಪೂಸು ಮಾವು ನೆಲದ ಪಾಲಾಗುವುದು ಈ ಗಾಳಿಗೆ. ಹದಿನೈದು ನಿಮಿಷದಲ್ಲಿ ಎಂಟು ಹತ್ತು ಡಿಗ್ರಿ ತಂಪಾಗುವುದೂ ಇದರ ಕೊಡುಗೆಯೇ. ಅದರೊಡನೆ ತೇಲಿಬರುವ ಮಣ್ಣಿನ ಕಂಪಿಗೆ ೧೯೬೪ರಲ್ಲಿ ಆಸ್ಟ್ರೇಲಿಯದ ಇಬ್ಬರು ವಿಜ್ಞಾನಿಗಳು ‘ಪೆಟ್ರಿಕೋರ್’ ಎಂದು ಹೆಸರಿಟ್ಟರು. ಕನ್ನೋಜಿನ ಅತ್ತರಿನವರು ಅದಕ್ಕೆ ಬಹಳ ಮೊದಲೇ ಆ ಕಂಪನ್ನು ಸೀಸೆಗಿಳಿಸಿದ್ದರು.

ಮೋಡದಲ್ಲಿ ವಿದ್ಯುತ್ತು ಹುಟ್ಟುವ ಬಗೆಯನ್ನು ಹುಡುಕಿದವರ ಸಾಲಿನಲ್ಲಿ ಭಾರತಕ್ಕೂ ಒಂದು ಸ್ಥಾನವಿದೆ. ಹವಾಮಾನ ಇಲಾಖೆಯಲ್ಲಿದ್ದ ಜಾರ್ಜ್ ಸಿಂಪ್ಸನ್ ಎಂಬುವರು ೧೯೦೮ರಲ್ಲಿ ಸಿಮ್ಲಾದಲ್ಲಿ ಮುಂಗಾರಿನ ಮಳೆಹನಿಗಳ ಆವೇಶವನ್ನು ಅಳೆದು, ಹನಿಗಳು ಗಾಳಿಯಲ್ಲಿ ಒಡೆಯುವಾಗ ಆವೇಶಗಳು ಬೇರ್ಪಡುತ್ತವೆಂದು ವಾದಿಸಿದರು. ಇಂಗ್ಲೆಂಡಿನ ವಿಲ್ಸನ್ನರು ಮೋಡದ ಮೇಲ್ಭಾಗ ಧನ, ಕೆಳಭಾಗ ಋಣವೆಂದು ಸಾಧಿಸಿ ಅವರನ್ನು ವಿರೋಧಿಸಿದರು. ಇಂದು ನಮಗೆ ತಿಳಿದಿರುವಂತೆ ಮುಖ್ಯ ಕೆಲಸ ನಡೆಯುವುದು ಸೊನ್ನೆಗಿಂತ ಹತ್ತರಿಂದ ಇಪ್ಪತ್ತೈದು ಡಿಗ್ರಿ ಕೆಳಗಿನ ಎತ್ತರಗಳಲ್ಲಿ. ಅಲ್ಲಿ ಹಿಮದ ಸಣ್ಣ ಹರಳುಗಳು ಮೃದುವಾದ ಆಲಿಕಲ್ಲಿನ ಕಾಳುಗಳಿಗೆ ತಾಗಿ ಚಿಮ್ಮುವಾಗ ಹರಳು ಧನವಾಗಿ ಏರುಗಾಳಿಯೊಡನೆ ಮೇಲಕ್ಕೂ, ಕಾಳು ಋಣವಾಗಿ ಕೆಳಕ್ಕೂ ಹೋಗುತ್ತವೆ. ತಳದಲ್ಲಿ ಸಿಂಪ್ಸನ್ನರು ಕಂಡಂತಹ ಸಣ್ಣದೊಂದು ಧನಪ್ರದೇಶವೂ ಇದೆ. ಬೇಸಿಗೆಯ ನಡುಮಧ್ಯದಲ್ಲಿ ನೆತ್ತಿಯ ಮೇಲೆ ಸಿಡಿಯುವ ಬೆಂಕಿ ಹುಟ್ಟುವುದು ಹಿಮದಿಂದ!

ಮಿಂಚಿನ ಹಾದಿಯಲ್ಲಿ ಗಾಳಿ ಕ್ಷಣಾರ್ಧದಲ್ಲಿ ಮೂವತ್ತು ಸಾವಿರ ಡಿಗ್ರಿಗೆ ಕಾಯುತ್ತದೆ. ಸೂರ್ಯನ ಮೇಲ್ಮೈಯ ಐದು ಪಟ್ಟು. ಆ ಗಾಳಿ ಸ್ಫೋಟದಂತೆ ಹಿಗ್ಗಿದ ಸದ್ದೇ ಗುಡುಗು. ಗುಡುಗಿದಾಗ ‘ಅರ್ಜುನ, ಫಲ್ಗುಣ, ಪಾರ್ಥ, ಕಿರೀಟಿ’ ಎಂದು ಹತ್ತು ಹೆಸರು ಹೇಳುವ ಪದ್ಧತಿ ನಮ್ಮ ಮನೆಗಳಲ್ಲಿದೆಯಷ್ಟೆ. ಅದನ್ನು ಗುಡುಗಿದ ಮೇಲೆ ಹೇಳುವ ಬದಲು ಮಿಂಚಿದೊಡನೆ, ಸೆಕೆಂಡಿಗೊಂದರಂತೆ ಹೇಳಲು ತೊಡಗಿದರೆ ಒಳ್ಳೆಯ ಅಳತೆಗೋಲಾಗುತ್ತದೆ. ಬೇಸಿಗೆಯ ಗಾಳಿಯಲ್ಲಿ ಸದ್ದು ಸೆಕೆಂಡಿಗೆ ೩೫೦ ಮೀಟರ್ ಚಲಿಸುವುದರಿಂದ, ಹತ್ತು ಹೆಸರು ಮುಗಿಯುವಾಗ ಗುಡುಗು ಕೇಳಿದರೆ ಸಿಡಿಲು ಬಿದ್ದುದು ಮೂರೂವರೆ ಕಿಲೋಮೀಟರ್ ದೂರದಲ್ಲಿ. ಮೂರು ಆವೃತ್ತಿ ಮುಗಿಯುವುದರೊಳಗೆ ಗುಡುಗು ಕೇಳಿದರೆ ಬಯಲಿನಲ್ಲಿರುವವರು ಮನೆ ಸೇರಬೇಕು; ಕೊನೆಯ ಗುಡುಗು ಕೇಳಿದ ಮೇಲೆ ಅರ್ಧ ಗಂಟೆ ಹೊರಬರಬಾರದು. ರಾಷ್ಟ್ರೀಯ ಅಪರಾಧ ದಾಖಲೆಗಳ ಕೇಂದ್ರದ ವರದಿಯಂತೆ ೨೦೨೨ರಲ್ಲಿ ಭಾರತದಲ್ಲಿ ಸಿಡಿಲಿಗೆ ಬಲಿಯಾದವರು ೨,೮೮೭ ಮಂದಿ. ಇಂತಹ ಸಾವಿಗೆ ಸಿಕ್ಕುವವರು ಹೆಚ್ಚಾಗಿ ಹೊಲದಲ್ಲಿರುವವರು, ಕುರಿ ದನ ಕಾಯುವವರು, ಮಳೆಗೆ ಮರದಡಿ ನಿಂತವರು.

ಮರದಡಿ ನಿಲ್ಲಬಾರದೆಂಬುದನ್ನು ಎಲ್ಲರೂ ಕೇಳಿರುತ್ತಾರೆ. ಏಕೆಂಬುದನ್ನು ಹೇಳುವವರು ಕಡಿಮೆ. ಮರಕ್ಕೆ ಬಡಿದ ಸಿಡಿಲು ಕಾಂಡದೊಳಗೇ ಇಳಿದು ಹೋಗಬೇಕೆಂಬ ನಿಯಮವಿಲ್ಲ. ಪಕ್ಕದಲ್ಲಿ ಮನುಷ್ಯನಿದ್ದರೆ, ಉಪ್ಪುನೀರಿನಿಂದ ತುಂಬಿದ ಅವನ ದೇಹವೇ ಸುಲಭದ ದಾರಿಯಾಗಿ, ಕಾಂಡದಿಂದ ಅವನಿಗೆ ಹಾರುತ್ತದೆ. ಹಾಗೆ ಹಾರದಿದ್ದರೂ,ಮೂವತ್ತು ಸಾವಿರ ಆಂಪಿಯರಿನ ಪ್ರವಾಹ ಬೇರಿನ ಬುಡದಿಂದ ನೆಲದಲ್ಲಿ ಹರಡುವಾಗ ನೆಲದ ಎರಡು ಬಿಂದುಗಳ ನಡುವೆ ಭಾರಿ ವೋಲ್ಟೇಜು ಏರ್ಪಡುತ್ತದೆ. ಎರಡು ಕಾಲುಗಳು ಎಷ್ಟು ದೂರವಿದ್ದರೆ ಅಷ್ಟು ಹೆಚ್ಚು ಅಪಾಯ. ದನದ ಮುಂಗಾಲು ಹಿಂಗಾಲುಗಳ ನಡುವೆ ಒಂದೂವರೆ ಮೀಟರಿನಷ್ಟು ಅಂತರವಿದ್ದು, ಪ್ರವಾಹ ಹೃದಯದ ಮೂಲಕವೇ ಹಾಯುತ್ತದೆ. ಒಂದೇ ಸಿಡಿಲಿಗೆ ಮರದಡಿಯ ಜೋಡೆತ್ತು ಸತ್ತು, ಪಕ್ಕದಲ್ಲಿದ್ದ ರೈತ ಬದುಕಿದ ಸುದ್ದಿಗಳ ರಹಸ್ಯ ಇದು. ಬಯಲಿನಲ್ಲಿ ಸಿಕ್ಕಿಬಿದ್ದವರು ಪಾದಗಳನ್ನು ಜೋಡಿಸಿ ಕುಕ್ಕುರುಗಾಲಿನಲ್ಲಿ ಕೂಡಬೇಕೇ ಹೊರತು ಮಲಗಬಾರದು. ಸಿಡಿಲು ಬಡಿದವನ ಮೈಯಲ್ಲಿ ವಿದ್ಯುತ್ತು ಉಳಿದಿರುವುದಿಲ್ಲ. ಮುಟ್ಟಲು ಹೆದರದೆ ಕೂಡಲೇ ಎದೆಯೊತ್ತಿ ಉಸಿರು ಕೊಡುವುದರಿಂದ ಎಷ್ಟೋ ಜೀವಗಳು ಉಳಿದಿವೆ. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯವರ ‘ದಾಮಿನಿ’, ನಮ್ಮ ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದವರ ‘ಸಿಡಿಲು’ ಎಂಬ ಮೊಬೈಲ್ ಸಾಧನಗಳು ಹತ್ತಿರದ ಮಿಂಚಿನ ಎಚ್ಚರಿಕೆ ಕೊಡಲೆಂದೇ ರೂಪುಗೊಂಡವು. ದನ ಕಾಯುವವನ ಕೈಯಲ್ಲಿ ಅಂತಹ ಮೊಬೈಲ್ ಇದೆಯೇ ಎಂಬುದು ಬೇರೆ ಮಾತು.

ಇನ್ನು ಮುನ್ನೋಟದ ವಿಚಾರ. ಹವಾಮಾನ ಇಲಾಖೆಯು ಮಾರ್ಚ್ ತಿಂಗಳ ಸುಮಾರಿಗೆ ಬೇಸಿಗೆಯ ಮುನ್ನೋಟವನ್ನು ಪ್ರಕಟಿಸುತ್ತದೆ. ಅದರಲ್ಲಿ ನಮ್ಮ ತಾಲೂಕುಗಳು ‘ಉತ್ತರ ಒಳನಾಡು ಕರ್ನಾಟಕ’ ಎಂಬ ವಿಭಾಗಕ್ಕೆ ಸೇರುತ್ತವೆ. ಎಂದರೆ ಶಿರಸಿ ಮುಂಡಗೋಡಗಳ ಕಾಡಿನಂಚಿನ ಹಾನಗಲ್ಲಿಗೂ ದೂರದ ಬೀದರಿಗೂ ಒಂದೇ ಹೆಸರು! ‘ಸಾಮಾನ್ಯಕ್ಕಿಂತ ಹೆಚ್ಚು ಉಷ್ಣತೆಯ ಸಂಭವ ಶೇಕಡ ಅರವತ್ತು’ ಎಂಬಂತಹ ಮಾತನ್ನು ಹಲವರು ತಪ್ಪಾಗಿ ತಿಳಿಯುತ್ತಾರೆ. ಹಿಂದಿನ ಹಲವು ವರ್ಷಗಳ ಬೇಸಿಗೆಗಳನ್ನು ತಂಪು, ಸಾಧಾರಣ, ಬಿಸಿ ಎಂದು ಮೂರು ಸಮಪಾಲು ಮಾಡಿದರೆ, ಏನೂ ತಿಳಿಯದವನೂ ಪ್ರತಿ ಪಾಲಿಗೆ ಶೇಕಡ ೩೩ ಸಂಭವ ಕೊಡಬಹುದು. ಶಾಂತಸಾಗರದ ನೀರಿನ ಉಷ್ಣತೆ ಮೊದಲಾದುವನ್ನು ನೋಡಿ ಆ ೩೩ನ್ನು ೬೦ಕ್ಕೆ ಏರಿಸಿರುವುದೇ ವಿಜ್ಞಾನದ ಗಳಿಕೆ. ಅಂತಹ ಹತ್ತು ಮುನ್ನೋಟಗಳಲ್ಲಿ ನಾಲ್ಕು ಬೇಸಿಗೆ ಬಿಸಿಯಾಗದಿದ್ದರೆ ಮುನ್ನೋಟ ಸರಿಯಾಗಿತ್ತೆಂದೇ ಅರ್ಥ. ೨೦೨೫ರ ಮೇ ತಿಂಗಳನ್ನೇ ನೋಡಿರಿ: ವಾಡಿಕೆಯಂತೆ ಜೂನ್ ೧ಕ್ಕೆ ಕೇರಳ ಮುಟ್ಟಬೇಕಾದ ಮುಂಗಾರು ಮೇ ೨೪ಕ್ಕೇ ಬಂದು, ದೇಶದ ಮಟ್ಟಿಗೆ ೧೯೦೧ರಿಂದೀಚೆಗೆ ಅತಿ ಹೆಚ್ಚು ಮಳೆಯ ಮೇ ಎನಿಸಿತು.

ಋತುವಿನ ಮಾತು ಬಿಟ್ಟು ‘ನಾಳೆ ಸಂಜೆ ಸವಣೂರಿನಲ್ಲಿ ಮಳೆಯೋ ಶಿಗ್ಗಾವಿಯಲ್ಲಿ ಮಳೆಯೋ’ ಎಂದರೆ ಉತ್ತರ ಇನ್ನೂ ಕಷ್ಟ. ಈ ಎರಡು ಊರುಗಳ ನಡುವೆ ನೇರಗೆರೆಯಲ್ಲಿ ಹದಿನೈದು ಕಿಲೋಮೀಟರ್ ಆದೀತು. ಗಣಕಯಂತ್ರಗಳು ವಾಯುಮಂಡಲವನ್ನು ಚೌಕಗಳಾಗಿ ವಿಂಗಡಿಸಿ ಲೆಕ್ಕ ಮಾಡುತ್ತವೆ. ಇಲಾಖೆಯ ಜಾಗತಿಕ ಮಾದರಿಯಲ್ಲಿ ಚೌಕದ ಬದಿ ಹನ್ನೆರಡು ಕಿಲೋಮೀಟರ್ ಇದ್ದುದು ೨೦೨೫ರ ಮೇ ತಿಂಗಳಲ್ಲಿ ಬಳಕೆಗೆ ಬಂದ ‘ಭಾರತ್ ಫೋರ್‌ಕಾಸ್ಟ್ ಸಿಸ್ಟಮ್’ನಲ್ಲಿ ಆರಕ್ಕಿಳಿಯಿತು. ಐದು ಕಿಲೋಮೀಟರ್ ಅಗಲದ ಮೋಡವನ್ನು ಆರು ಕಿಲೋಮೀಟರಿನ ಜರಡಿಯಲ್ಲಿ ಹಿಡಿಯುವ ಪ್ರಯತ್ನ ಇದು. ಮೋಡ ಏಳುವ ಪ್ರದೇಶ ಸಿಕ್ಕೀತು, ಮೋಡವೇ ಸಿಕ್ಕದು. ಎದ್ದ ಮೋಡವನ್ನು ರೇಡಾರ್ ಕಾಣುತ್ತದೆ. ಆದರೆ ಪಣಜಿಯ ರೇಡಾರು ಹಾನಗಲ್ಲಿನಿಂದ ನೂರ ಅರವತ್ತು ಕಿಲೋಮೀಟರ್ ದೂರ. ನೆಲದಿಂದ ಅರ್ಧ ಡಿಗ್ರಿ ಎತ್ತಿ ಬಿಟ್ಟ ಅದರ ಕಿರಣವು, ಭೂಮಿಯ ಗೋಳಾಕಾರದಿಂದಾಗಿ, ಹಾನಗಲ್ಲಿಗೆ ಬರುವಾಗ ಸುಮಾರು ಮೂರು ಕಿಲೋಮೀಟರ್ ಮೇಲೆ ಹಾಯುತ್ತದೆ. ಮೋಡದ ಹೊಟ್ಟೆ ಕಾಣುತ್ತದೆ, ಕಾಲು ಕಾಣುವುದಿಲ್ಲ. ಈ ಕೊರತೆಯನ್ನು ತುಂಬುವಂತೆ ರಾಜ್ಯದ ಉಸ್ತುವಾರಿ ಕೇಂದ್ರದವರು ಗ್ರಾಮಪಂಚಾಯಿತಿಗೊಂದರಂತೆ ತಾವೇ ವರದಿ ಕಳಿಸುವ ಮಳೆಮಾಪಕಗಳನ್ನು ನೆಟ್ಟಿದ್ದಾರೆ. ಬೇರೆ ರಾಜ್ಯಗಳವರು ಅಸೂಯೆಪಡಬೇಕಾದ ವ್ಯವಸ್ಥೆಯಿದು. ಬಾಯಿಯಿಂದ ತಳದವರೆಗೆ ಒಂದೇ ಅಗಲದ ಡಬ್ಬಿ, ಒಂದು ಅಳತೆಪಟ್ಟಿ ಇಟ್ಟುಕೊಂಡು ನಾಲ್ಕು ತಾಲೂಕುಗಳ ಪ್ರೌಢಶಾಲೆಗಳವರು ಪ್ರತಿ ಬೆಳಗ್ಗೆ ಎಂಟೂವರೆಗೆ ಅಳೆದು ಒಂದು ನಕ್ಷೆಯ ಮೇಲೆ ಬರೆದರೆ, ಒಂದೊಂದು ಮೋಡದ ಹೆಜ್ಜೆಗುರುತೂ ಮೂಡೀತು.

ಹಳೆಯ ಮುನ್ನೋಟವೊಂದು ನಮ್ಮಲ್ಲಿದೆ: ಮಳೆನಕ್ಷತ್ರಗಳದು. ಸೂರ್ಯನು ಒಂದೊಂದು ನಕ್ಷತ್ರದಲ್ಲಿ ಹದಿಮೂರೂವರೆ ದಿನ ಇರುತ್ತಾನೆ. ಏಪ್ರಿಲ್ ೨೭ರ ಸುಮಾರಿಗೆ ಭರಣಿ ಹೊಕ್ಕುತ್ತದೆ. ಎಂದರೆ ನಮ್ಮ ಸೀಮೆಯಲ್ಲಿ ಕೋಲಿನ ನೆರಳು ಮಾಯವಾಗುವ ವಾರವೇ. ಭರಣಿ ಮಳೆಯಾದರೆ ಧರಣಿಯೆಲ್ಲ ಬೆಳೆಯೆಂಬ ಗಾದೆಯಲ್ಲಿ ಅನುಭವವಿದೆ. ಆದರೆ ಪಂಚಾಂಗದ ನಕ್ಷತ್ರವರ್ಷವು ಋತುವರ್ಷಕ್ಕಿಂತ ಇಪ್ಪತ್ತು ನಿಮಿಷ ದೊಡ್ಡದಾದುದರಿಂದ ಭರಣಿಯು ಸುಮಾರು ಎಪ್ಪತ್ತು ವರ್ಷಕ್ಕೊಂದು ದಿನದಂತೆ ಋತುವಿನಲ್ಲಿ ಹಿಂದೆ ಬೀಳುತ್ತಿದೆ. ಸಾವಿರದ ಐನೂರು ವರ್ಷಗಳ ಹಿಂದೆ ಅದು ಈಗಿಗಿಂತ ಮೂರು ವಾರ ಮೊದಲೇ ಬರುತ್ತಿತ್ತು. ಗಾದೆ ನಾವೆಣಿಸಿದಷ್ಟು ಹಳೆಯದಲ್ಲ, ಇಲ್ಲವೆ ಅದರ ಅರ್ಥ ಕಾಲಕ್ಕೆ ತಕ್ಕಂತೆ ಜರುಗಿದೆ.

ಈ ಎಲ್ಲ ಲೆಕ್ಕಾಚಾರ ಕೊನೆಗೆ ಬಂದು ನಿಲ್ಲುವುದು ಕೂರಿಗೆಯ ಮುಂದೆ. ಹಾನಗಲ್ಲಿನ ಕಡೆ ಮೇ ತಿಂಗಳ ಹದಕ್ಕೆ ಕೂರಿಗೆಯಿಂದ ಭತ್ತ ಬಿತ್ತುವ ರೂಢಿಯಿದೆ. ಒಂದು ಗುಡುಗುಮಳೆಗೆ ಮೇಲಿನ ಮೂರು ನಾಲ್ಕು ಅಂಗುಲ ಮಣ್ಣು ತೊಯ್ದರೆ ಬಿತ್ತಬೇಕೆನಿಸುತ್ತದೆ. ಆದರೆ ಅದು ಮುಚ್ಚಳ ಒಡೆದು ಬಂದ ಒಂದು ಮೋಡದ ಮಳೆ. ಅದರ ಹಿಂದೆ ಮತ್ತೊಂದು ಇರಲೇಬೇಕೆಂಬ ನಿಯಮವಿಲ್ಲ. ಹತ್ತು ದಿನ ಬಿಸಿಲು ಕಾದರೆ ಮೊಳಕೆ ಸುಟ್ಟು ಬೀಜ, ಗೊಬ್ಬರ, ಬಾಡಿಗೆ ಎಲ್ಲವೂ ಎರಡನೆಯ ಸಲದ ವೆಚ್ಚ. ಕಾದು ಕುಳಿತರೆ, ಮುಂಗಾರು ಹಿಡಿದ ಮೇಲೆ ಎರೆಮಣ್ಣಿನಲ್ಲಿ ಕೂರಿಗೆ ಹೂಡಲಾಗದೆ ಹಂಗಾಮು ತಪ್ಪುತ್ತದೆ. ಮುಂದಿನ ಹತ್ತು ದಿನಗಳ ಮುನ್ಸೂಚನೆ ಶೇಕಡ ಎಪ್ಪತ್ತು ನಂಬುವಂತಿದ್ದರೂ ಸಾಕು, ಅದಕ್ಕೆ ಒಂದು ಕುಟುಂಬದ ವರ್ಷದ ಬೆಲೆಯಿದೆ.

ರೋಹಿಣಿ ಕಳೆದು ಮೃಗಶಿರ ಹೊಕ್ಕುವ ಹೊತ್ತಿಗೆ, ಜೂನ್ ಎರಡನೆಯ ವಾರದ ಸುಮಾರಿಗೆ, ಗಾಳಿ ಪಶ್ಚಿಮಕ್ಕೆ ಗಟ್ಟಿಯಾಗಿ ನಿಲ್ಲುತ್ತದೆ. ಆಗ ನೆಲದಿಂದ ಮೇಲಿನವರೆಗೂ ಗಾಳಿ ತೇವವಾಗಿದ್ದು ಮುಚ್ಚಳವೂ ಇರುವುದಿಲ್ಲ, ಕಾವೂ ಕೂಡುವುದಿಲ್ಲ. ಮೋಡಗಳು ತಗ್ಗಿನಲ್ಲಿಯೇ ಹಬ್ಬಿ, ಏರುಗಾಳಿ ಮಂದವಾಗಿ, ಹಿಮದ ಹರಳು ಕಾಳುಗಳ ತಿಕ್ಕಾಟಕ್ಕೆ ಎಡೆಯಿಲ್ಲದೆ, ದಿನಗಟ್ಟಲೆ ಸದ್ದಿಲ್ಲದ ಮಳೆ ಹಿಡಿಯುತ್ತದೆ. ಹಾನಗಲ್ಲಿಗೆ ಅದು ಜಾಸ್ತಿ, ಸವಣೂರಿಗೆ ಕಮ್ಮಿ. ಗುಡುಗು ಮತ್ತೆ ಕೇಳಬರುವುದು ಸೆಪ್ಟೆಂಬರಿನಲ್ಲಿ, ಮಳೆಗಾಳಿ ಸಡಿಲಗೊಂಡು ಬಿಸಿಲು ಮರಳಿದ ಮೇಲೆ.